ಚಿಲಕವಿಲ್ಲದ ಖೋಲಿ

ಅಕ್ಕನ ಮಗಳು ರೇಖಾ ಹಡೆದಿದ್ದಳು. ಕೂಸಿಗೆ ನೀರು ಹಾಕಲು ಬಾ ಎಂದು ಅಕ್ಕ ಫೋನ್ ಮಾಡಿದ್ದರಿಂದ ಭಾಲ್ಕಿಯಲ್ಲಿ ಬೆಳಗಿನ ಬಸ್ಸು ಹತ್ತಿ ಠಾಣಾ ಕುಶನೂರಿಗೆ ಹೋದೆ. ಸೋಯಾ ಕೊಯ್ದ ಹೊಲಗಳು ಬೋಳಾಗಿ ಬಿದ್ದಿದ್ದವು. ತೊಗರಿ ಮಾತ್ರ ಹಳದಿ ಹೂ ಬಿಟ್ಟು ನಿಂತಿತ್ತು. ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಒಲೆಯ ಮೇಲೆ ಹಂಡೆಯ ನೀರು ಕಾದು ಹೊಗೆಯ ವಾಸನೆ ಬರುತ್ತಿತ್ತು. ಕೈಕಾಲು ತೊಳೆದುಕೊಂಡು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಇನ್ನೇನು ಮಣೆಯ ಮೇಲೆ ಕೂರಬೇಕು, ಅಷ್ಟರಲ್ಲಿ ರೇಖಾ ದಿಂಬಿನ ಪಕ್ಕದಿಂದ ಒಂದು ಮಿರಿಮಿರಿ ಪಾಕೀಟು ತೆಗೆದಳು.

"ತಡೀರಿ ಮೌಶಿ, ಕೂಸು ಹೊಲಸು ಮಾಡ್ಕೊಂಡಾದ. ಒರಸಿ ಕೊಡ್ತೇನಿ."

ಪರ್‍ ಎಂದು ಮೇಲಿನ ಮುಚ್ಚಳ ಕಿತ್ತು ಒಂದು ಒದ್ದೆ ಕಾಗದ ಎಳೆದಳು. ಆ ವಾಸನೆ ಮೂಗಿಗೆ ಬಡಿಯಿತು. ಯಾವ ಗಿಡದಲ್ಲೂ ಬಿಡದ ಹೂವಿನ ವಾಸನೆ, ಅದರೊಳಗೆ ಚೂರು ಔಷಧಿ, ಚೂರು ಸಾಬೂನು. ಎದ್ದು ಹಿತ್ತಲಿಗೆ ಓಡಿ ತಿಪ್ಪೆಯ ಹತ್ತಿರ ನಿಂತು ಉಗುಳಿದೆ. ಸೆಗಣಿಯ ವಾಸನೆ ಬಂದ ಮೇಲೆಯೇ ಸಮಾಧಾನವಾಯಿತು.

"ಏನಾಯ್ತರಿ ಮೌಶಿ? ಛಲೋ ಕಂಪನಿದೇ ಅದರಿ ಇದು," ಎಂದಳು ರೇಖಾ, ಪಾಪ ಹೆದರಿ.

"ನಿಮ್ಮ ಮನ್ಯಾಗ ನೀರಿಗಿ ಬರ ಬಂದದೇನ? ಕೂಸಿನ ಕುಂಡಿ ಕಾಗದದಲೇ ಒರಸ್ತಾರೇನ? ಒಗಿ ಅದನ್ನ!"

ಒಗೆದಳು. ಆದರೆ ವಾಸನೆ ಹೋಗಬೇಕಲ್ಲ. ಅದು ನನ್ನನ್ನು ಶಾರ್ಜಾದ ಆ ಮನೆಗೆ, ನಾನು ಎಂಟು ತಿಂಗಳು ಕೂಸು ನೋಡಿಕೊಂಡು ಇದ್ದ ಆ ಗಾಜಿನ ಮನೆಗೆ ಎಳೆದುಕೊಂಡು ಹೋಯಿತು.

ನನಗೆ ಮೊದಲಿನಿಂದಲೂ ಹೇಸಿಗೆ ಜಾಸ್ತಿ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಸೊರಸೊರ ಎಂದರೆ ಎದ್ದು ಬರುವವಳು ನಾನು. ನಮ್ಮೂರು ಹಲಬರ್ಗಾದಲ್ಲಿ ಅವ್ವ, "ಈಕಿ ಮೂಗು ದೇವರು ಬ್ಯಾರೆಯವರಿಗೆ ಮಾಡಿದ್ದು, ಈಕಿಗಿ ಹಚ್ಚಿಬಿಟ್ಟಾನ" ಎಂದು ನಗುತ್ತಿದ್ದಳು. ಆದರೆ ಕೂಸುಗಳ ವಿಷಯದಲ್ಲಿ ನನಗೆ ಹೇಸಿಗೆ ಎಂಬುದೇ ಇಲ್ಲ. ಎಳೆಯ ಕೂಸಿನ ಹೇಲು, ಉಚ್ಚೆ, ಜೊಲ್ಲು, ಹುಳಿ ಹಾಲಿನ ವಾಂತಿ ಯಾವುದೂ ನನಗೆ ಹೊಲಸಲ್ಲ. ಗಂಡ ತೀರಿಕೊಂಡ ಮೇಲೆ ಅಂಗನವಾಡಿಯಲ್ಲಿ ಸಹಾಯಕಿಯಾದೆ. ಅದರ ಜೊತೆಗೆ ಭಾಲ್ಕಿ, ಬೀದರಿನ ಮನೆಗಳಲ್ಲಿ ಬಾಣಂತಿಗೆ, ಕೂಸಿಗೆ ನೀರು ಹಾಕುವ ಕೆಲಸ ಹಿಡಿದೆ. ನನಗೆ ಮಕ್ಕಳಿಲ್ಲ. ಊರ ಮಕ್ಕಳೆಲ್ಲ ನನ್ನ ಕಾಲ ಮೇಲೆ ಮಲಗಿ ಎದ್ದವರೇ.

ಇದ್ದದ್ದು ಅಣ್ಣನ ಮನೆಯಲ್ಲಿ. ಪಡಸಾಲೆಯ ಮೂಲೆ, ಜೋಳದ ಚೀಲಗಳ ಪಕ್ಕ ನನ್ನ ಹಾಸಿಗೆ. ಮನೆಯವರು, ಬಂದವರು, ಹೋದವರು ಎಲ್ಲರೂ ನನ್ನನ್ನು ದಾಟಿಯೇ ಓಡಾಡಬೇಕು. ಸೀರೆ ಬದಲಿಸಬೇಕೆಂದರೆ ಚೀಲಗಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಹೊರಗೆ ಯಾರಾದರೂ ಕೆಮ್ಮುತ್ತಾರೋ ಎಂದು ಕಿವಿ ಕೊಟ್ಟು ಬದಲಿಸಬೇಕು. ಅತ್ತಿಗೆ ಕೆಟ್ಟವಳೇನಲ್ಲ, ಮನೆ ಸಣ್ಣದು. ಆದರೂ ನನಗೆ ಒಂದೇ ಆಸೆ ಇತ್ತು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ. ಸಣ್ಣದಾದರೂ ಚಿಂತೆಯಿಲ್ಲ, ಚಿಲಕ ಬೇಕು.

ಬೀದರಿನಲ್ಲಿ ಶಾರದಾಬಾಯಿ ಎಂಬ ನಿವೃತ್ತ ಹೆಡ್‌ಮಾಸ್ತರಿಣಿಯ ಮನೆಯಿತ್ತು. ಅವರ ಇಬ್ಬರು ಹೆಣ್ಣುಮಕ್ಕಳ ಬಾಣಂತನದಲ್ಲಿ ನೀರು ಹಾಕಿದವಳು ನಾನೇ. ಮಗ ವಿನಯ ಶಾರ್ಜಾದಲ್ಲಿ ಇಂಜಿನಿಯರು, ಸೊಸೆ ರಿಯಾ ಬೆಂಗಳೂರಿನವಳು. ಅವರಿಗೆ ಹೆಣ್ಣುಕೂಸು ಹುಟ್ಟಿ ಮೂರು ತಿಂಗಳಾಗಿತ್ತು.

"ಕಸ್ತೂರಬಾಯಿ, ನೀ ಹೋಗಿಬಿಡು," ಎಂದರು ಶಾರದಾಬಾಯಿ. "ಸೊಸಿಗಿ ಕೂಸು ಎತ್ತಕೊಳ್ಳಾಕೂ ಬರಂಗಿಲ್ಲ. ನನಗ ಅಲ್ಲಿ ಉಸರು ಕಟ್ತದ. ನಿನಗ ಸ್ವಂತ ಖೋಲಿ ಕೊಡ್ತಾರ ನೋಡು, ಬಾಗಲ ಇದ್ದದ್ದು."

ಪಗಾರದ ಮಾತು ಆಮೇಲೆ ಬಂತು. ಖೋಲಿ ಎಂದಾಗಲೇ ನಾನು ಒಳಗೊಳಗೇ ಹೂಂ ಎಂದಾಗಿತ್ತು. ಕಾಗದಪತ್ರ ಎಲ್ಲ ವಿನಯನೇ ಮಾಡಿಸಿದ.

ಹೋಗಿ ಇಳಿದದ್ದು ಕಡುಬೇಸಿಗೆಯಲ್ಲಿ. ಬೀದರಿನ ಬಿಸಿಲು ಕಂಡವಳು ನಾನು, ಬಿಸಿಲಿಗೆ ಹೆದರುವವಳಲ್ಲ. ಆದರೆ ಅಲ್ಲಿಯದು ಬಿಸಿಲಲ್ಲ, ಬೇಯಿಸಿದ ಗಾಳಿ. ಹೊರಗೆ ಕಾಲಿಟ್ಟರೆ ಯಾರೋ ಮುಖದ ಮೇಲೆ ಉಸಿರು ಬಿಟ್ಟಂತೆ. ಒಳಗೆ ಮಾತ್ರ ಹಲ್ಲು ಕಟಕಟ ಎನ್ನುವಷ್ಟು ತಣ್ಣಗೆ. ಗಾಜಿನ ಕಿಟಕಿಗಳು ಹೊರಬದಿಯಲ್ಲಿ ಬೆವರುತ್ತಿದ್ದವು. ಆ ಕಿಟಕಿಗಳನ್ನು ನಾನಿದ್ದಷ್ಟು ದಿನ ಯಾರೂ ತೆರೆಯಲಿಲ್ಲ. ನಿನ್ನೆಯ ಸಾರು, ಮೊನ್ನೆಯ ಮೀನು, ಒದ್ದೆ ನಾಯಿಯ ಹಾಗೆ ನಾರುವ ನೆಲಹಾಸು ಎಲ್ಲದರ ವಾಸನೆಯೂ ಒಳಗೇ ಸುತ್ತುತ್ತಿತ್ತು. ಅದರ ಮೇಲೆ ಗೋಡೆಗೆ ಸಿಕ್ಕಿಸಿದ ಡಬ್ಬಿಯೊಂದು ಆಗಾಗ ಪುಸ್ ಎಂದು ಸುಗಂಧ ಉಗುಳುತ್ತಿತ್ತು. ಹೊಲಸಿನ ಮೇಲೆ ಅತ್ತರು ಸುರಿದರೆ ಏನಾಗುತ್ತದೋ ಅದೇ ಆ ಮನೆಯ ವಾಸನೆ.

ಖೋಲಿ ತೋರಿಸಿದರು. ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಮಷಿನ್ ಇಟ್ಟ ಸಂದಿ. ಒಂದು ನಲ್ಲಿ, ನೆಲದಲ್ಲಿ ನೀರು ಹೋಗುವ ತೂತು, ಗೋಡೆಗುಂಟ ಒಂದು ಹಲಗೆಯ ಮಂಚ. ನೆಲದ ಮೇಲೆ ಕಾಲು ಚಾಚಿ ಕೂತರೆ ಬೆನ್ನು ಬಾಗಿಲಿಗೆ ತಾಗುತ್ತಿತ್ತು, ಪಾದ ಮಷಿನ್‌ಗೆ ತಾಗುತ್ತಿತ್ತು. ಬಾಗಿಲು ಇತ್ತು. ಚಿಲಕ ಇರಲಿಲ್ಲ.

"ಮೇಡಂ, ಇದಕ್ಕ ಕೊಂಡಿ ಇಲ್ಲರಿ," ಎಂದೆ.

"ಯಾಕೆ ಬೇಕು ಕಸ್ತೂರಿ? ಇಲ್ಲಿ ಯಾರು ಬರ್ತಾರೆ? ಬಟ್ಟೆ ಮಷಿನ್‌ಗೆ ಹಾಕೋಕೆ ನಾನು ಬರ್ತೀನಿ ಅಷ್ಟೆ," ಎಂದಳು ರಿಯಾ.

ಅವಳು ಹೇಳಿದಂತೆಯೇ ಬರುತ್ತಿದ್ದಳು. ನಾನು ಸೀರೆ ಉಡುತ್ತಿದ್ದರೂ ಸರಿ, ಬಾಗಿಲು ತಳ್ಳಿ, ಕಣ್ಣೆತ್ತಿ ನೋಡದೆ, ತನ್ನ ಒಳಬಟ್ಟೆಗಳನ್ನು ನನ್ನ ಮಂಚದ ಮೇಲೆ ಸುರಿದು ಹೋಗುತ್ತಿದ್ದಳು. ಕೊನೆಗೆ ನಾನೇ ಉಪಾಯ ಕಂಡುಕೊಂಡೆ. ಬಟ್ಟೆ ಬದಲಿಸುವಾಗ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಪಾದಗಳನ್ನು ಮಷಿನ್‌ಗೆ ಒತ್ತಿ ಹಿಡಿಯುವುದು. ಹಾಗೆ ಕೂತರೆ ಆನೆ ತಳ್ಳಿದರೂ ಬಾಗಿಲು ಒಳಗೆ ಬರುತ್ತಿರಲಿಲ್ಲ.

ನನಗೆಂದು ಒಂದು ತಟ್ಟೆ, ಒಂದು ಲೋಟ ಸಿಂಕಿನ ಕೆಳಗಿನ ಗೂಡಿನಲ್ಲಿ, ಪೊರಕೆಯ ಪಕ್ಕ ಇತ್ತು. ನನ್ನ ಕೈ ಅವರ ತಟ್ಟೆಗೆ ತಾಗಬಾರದು. ಅದೇ ಕೈಯಿಂದ ಅವರ ಕೂಸಿಗೆ ಉಣಿಸಬೇಕು. ಬಂದವರ ಮುಂದೆ ಮಾತ್ರ ರಿಯಾ ನನ್ನ ಹೆಗಲ ಮೇಲೆ ಕೈಯಿಟ್ಟು, "ಕಸ್ತೂರಿ ಅವರು ನಮ್ಮನೆಯವರ ಥರಾನೇ" ಎನ್ನುತ್ತಿದ್ದಳು. ಬಂದವರ ಮುಂದೆ ನಾನು "ಅವರು", ಅವರು ಹೋದ ಮೇಲೆ "ಏಯ್ ಕಸ್ತೂರಿ". ಎರಡರಲ್ಲಿ ಆ "ಅವರು" ಎನ್ನುವುದೇ ನನಗೆ ಹೆಚ್ಚು ಮೈ ಉರಿಸುತ್ತಿತ್ತು.

ಕೂಸಿನ ಹೆಸರು ತಾರಾ. ಮೊದಲ ದಿನ ಎತ್ತಿಕೊಂಡಾಗ ಅದರ ತೊಡೆಸಂದಿ ಬೆಂದುಹೋದಂತೆ ಕೆಂಪಾಗಿತ್ತು. ದಿನವಿಡೀ ಆ ಒದ್ದೆ ಕಾಗದದಿಂದ ಒರೆಸುವುದು, ಮತ್ತೆ ಪ್ಲಾಸ್ಟಿಕ್ ಚಡ್ಡಿ ಹಾಕುವುದು. ಹುಟ್ಟಿದಾಗಿನಿಂದ ಆ ಕೂಸಿನ ಕೆಳಮೈಗೆ ನೀರು ಸೋಕಿರಲಿಲ್ಲ. ಮನೆತುಂಬ ಹತ್ತು ನಲ್ಲಿ ಇದ್ದವು! ಡಾಕ್ಟರು ಮುಲಾಮು ಕೊಟ್ಟಿದ್ದರು. ನಾನು ಮುಲಾಮೂ ಹಚ್ಚಿದೆ, ನೀರಿನಿಂದಲೂ ತೊಳೆದೆ. ಯಾವುದರಿಂದ ವಾಸಿಯಾಯಿತೋ ನನಗೆ ಗೊತ್ತಿಲ್ಲ, ಅಂತೂ ವಾಸಿಯಾಯಿತು.

ಆದರೆ ತಾರಾ ಮಲಗುತ್ತಿರಲಿಲ್ಲ. ಅತ್ತು ಅತ್ತು ದನಿ ಒಡೆದುಹೋಗುತ್ತಿತ್ತು. ರಿಯಾ ಕೂಡ ಸೋಫಾದ ಮೇಲೆ ಕೂತು ಅಳುತ್ತಿದ್ದಳು. ಅವಳನ್ನು ಕಂಡರೆ ಆಗ ಅಯ್ಯೋ ಅನಿಸುತ್ತಿತ್ತು, ಸುಳ್ಳೇಕೆ ಹೇಳಲಿ. ಒಂದು ಬೆಳಿಗ್ಗೆ ನಾನು ಕೂಸನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಎಳೆದುಕೊಂಡೆ. ಮೈಗೆಲ್ಲ ಎಣ್ಣೆ ತೀಡಿದೆ. ನೆಲದ ಮೇಲೆ ಕೂತು ಎರಡೂ ಕಾಲು ಚಾಚಿ, ಮೊಣಕಾಲಿನ ಕೆಳಗೆ ಕೂಸನ್ನು ಬೋರಲು ಮಲಗಿಸಿಕೊಂಡೆ. ಬೆನ್ನ ಮೇಲೆ ಬಿಸಿನೀರು ಹಾಕುತ್ತಾ ಕಡಲೆಹಿಟ್ಟಿನಲ್ಲಿ ಉಜ್ಜಿ, ಆಮೇಲೆ ತಿರುವಿ, ಮೂಗಿಗೆ ಕಿವಿಗೆ ನೀರು ಹೋಗದಂತೆ ಹಣೆಗೆ ಅಂಗೈ ಅಡ್ಡ ಹಿಡಿದು ತಲೆಗೆ ನೀರು ಬಿಟ್ಟೆ. ನಮ್ಮ ಕಡೆಯ ಕೂಸುಗಳೆಲ್ಲ ಈ ನೀರಿನಲ್ಲಿಯೇ ಬೆಳೆದವು. ಮೊದಲು ಕಿರುಚಿತು. ಆಮೇಲೆ ಕಿರುಚುವುದು ನಿಂತು, ಕಣ್ಣರಳಿಸಿ ನನ್ನನ್ನೇ ನೋಡತೊಡಗಿತು.

ಅಷ್ಟರಲ್ಲಿ ರಿಯಾ ಬಾಗಿಲು ದೂಡಿದಳು. ಅವಳು ಕಂಡದ್ದು ಒಬ್ಬ ಹೆಂಗಸಿನ ಕಾಲ ಮೇಲೆ ನೀರು ಸುರಿಸಿಕೊಳ್ಳುತ್ತಾ ಬಿದ್ದ ತನ್ನ ಕೂಸನ್ನು.

"ಏನ್ ಮಾಡ್ತಿದೀಯಾ ನೀನು! ಮಗೂನ ಸಾಯಿಸ್ತೀಯಾ? ಪೊಲೀಸ್ ಕರೀತೀನಿ!"

ಮನೆ ರಣರಂಗವಾಯಿತು. ವಿನಯ ಆಫೀಸಿನಿಂದ ಓಡಿ ಬಂದ. ಬೀದರಿಗೆ ಫೋನ್ ಹೋಯಿತು. ಆ ತುದಿಯಲ್ಲಿ ಶಾರದಾಬಾಯಿ ನಗುವುದು ನನಗೂ ಕೇಳಿಸಿತು. "ಏ ವಿನ್ಯಾ, ನೀನೂ ಹಂಗೇ ಕಾಲ ಮ್ಯಾಲ ಬೆಳದಾಂವ. ಸತ್ತೇನು?" ಅಷ್ಟರಲ್ಲಿ ತಾರಾ ನನ್ನ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿಕೊಂಡು ನಿದ್ದೆ ಹೋಗಿತ್ತು. ಮಧ್ಯಾಹ್ನದ ತನಕ ಏಳಲಿಲ್ಲ. ಡಾಕ್ಟರನ್ನೂ ಕೇಳಿದರು. ಕಿವಿಗೆ ಎಣ್ಣೆ ಬಿಡಬೇಡಿ, ಉಳಿದದ್ದು ಮೆಲ್ಲಗೆ ಮಾಡಿ ಎಂದರಂತೆ. ಕಿವಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದೆ. ನೀರು ಹಾಕುವುದು ನಡೆಯಿತು. ಆ ನಾಲ್ಕೈದು ವಾರ ಆ ಮನೆ ನನಗೆ ಸಹ್ಯವಾಗಿತ್ತು. ಬಚ್ಚಲಿನ ಬಾಗಿಲು ಹಾಕಿಕೊಂಡರೆ ಒಳಗೆ ನಾನು, ತಾರಾ, ಬಿಸಿನೀರು. ಆ ಬಾಗಿಲಿಗೆ ಚಿಲಕವೂ ಇತ್ತು.

ನಮ್ಮಲ್ಲಿ ಕೂಸಿಗೆ ನೀರು ಹಾಕುವಾಗ ಬಾಗಿಲು ಮುಚ್ಚುತ್ತಾರೆ. ದೃಷ್ಟಿಯಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ದೃಷ್ಟಿಯನ್ನು ನಾನು ನಂಬುತ್ತೇನೋ ಇಲ್ಲವೋ, ಬಾಗಿಲು ಮುಚ್ಚುವುದನ್ನಂತೂ ನಂಬುತ್ತೇನೆ. ಕಾಲ ಮೇಲೆ ಬತ್ತಲೆ ಮಲಗಿದ ಕೂಸಿಗೆ ಕೈ ಅಡ್ಡ ಹಿಡಿದು ಮೈ ಮುಚ್ಚಿಕೊಳ್ಳಲು ಬರುವುದಿಲ್ಲ. ಅದರ ಪರವಾಗಿ ಬಾಗಿಲು ಹಾಕುವವರು ದೊಡ್ಡವರೇ. ಹೆತ್ತವಳ ಹೊರತು ಯಾರನ್ನೂ ನಾನು ಒಳಗೆ ಬಿಟ್ಟವಳಲ್ಲ.

ಹೆತ್ತವಳು ಒಳಗೆ ಬಂದಳು, ಫೋನ್ ಹಿಡಿದುಕೊಂಡು.

ಮೊದಲು ನನ್ನ ಕೈ, ಕೂಸಿನ ಪಾದದ ವಿಡಿಯೋ ಮಾತ್ರ ತೆಗೆದಳು. ನೆನಪಿಗೆ ಇರಲಿ ಎಂದಳು. ಆಮೇಲೆ ಪೂರ್ತಿ ತೆಗೆದಳು. ಫೋನಿನಲ್ಲಿ ಅವಳದೊಂದು ಪುಟವಿತ್ತು. ತಾರಾ ನಕ್ಕದ್ದು, ತಾರಾ ಅತ್ತದ್ದು ಎಲ್ಲ ಅದರಲ್ಲಿ ಹಾಕುತ್ತಿದ್ದಳು. ನೀರು ಹಾಕುವ ವಿಡಿಯೋ ಹಾಕಿದ ಮೇಲೆ ಊರೂರಿನವರು ನೋಡಿದರಂತೆ. ಪೊಲೀಸರನ್ನು ಕರೆಯುತ್ತೇನೆ ಎಂದವಳು ಈಗ "ನಮ್ಮ ಸಂಪ್ರದಾಯ" ಎಂದು ಬರೆದುಕೊಂಡಿದ್ದಳು. ಯಾರ ಸಂಪ್ರದಾಯ ತಾಯಿ!

ಆಮೇಲೆ ಗೆಳತಿಯರು ಬರತೊಡಗಿದರು. ರಜೆಯ ದಿನ ಹಜಾರದ ನಡುವೆ ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಇಟ್ಟು, ಪಕ್ಕದಲ್ಲಿ ಅಂಗಡಿಯಿಂದ ತಂದ ತಾಮ್ರದ ಕೊಡ, ಕೊಡಕ್ಕೆ ಹೂವಿನ ಸರ. ಅವರು ಸುತ್ತ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಾ ನೋಡುವುದು. ನನಗೆ ಹಸಿರು ಇಳಕಲ್ ಸೀರೆ ಕೊಟ್ಟಳು. ಹಸಿರು ಬಳೆ ಕೊಟ್ಟಳು. ಹಣೆಗೆ ದೊಡ್ಡ ಕುಂಕುಮ ಇಡಲು ಬಂದಳು.

"ನನಗ ಗಂಡ ಇಲ್ಲರಿ ಮೇಡಂ," ಎಂದೆ.

"ಅಯ್ಯೋ, ಅದೆಲ್ಲಾ ಹಳೇ ಕಾಲದ್ದು ಕಸ್ತೂರಿ. ಹಣೆ ಖಾಲಿ ಇದ್ರೆ ವಿಡಿಯೋದಲ್ಲಿ ಚೆನ್ನಾಗಿ ಕಾಣಲ್ಲ."

ಹಳೆಯ ಕಾಲದ್ದನ್ನು ನಾನೂ ಹಿಡಿದುಕೊಂಡು ಕೂತವಳಲ್ಲ. ಬೇಕೆನಿಸಿದ್ದರೆ ಎಂದೋ ಇಟ್ಟುಕೊಳ್ಳುತ್ತಿದ್ದೆ. ಇಡುವುದು ಬಿಡುವುದು ನನ್ನ ಹಣೆಯ ಮಾತು. ಅವಳು ಬೆರಳಲ್ಲಿ ಅದ್ದಿ ನನ್ನ ಹಣೆಗೆ ಒತ್ತಿದಾಗ, ಅಂಗಡಿಯ ಬೊಂಬೆಗೆ ಸೀರೆ ಉಡಿಸಿದಂತಾಯಿತು. ಗಂಡ ಸತ್ತ ದಿನ ಕೂಡ ನನಗೆ ನನ್ನ ಮೇಲೆ ಅಷ್ಟು ಹೇಸಿಗೆಯಾಗಿರಲಿಲ್ಲ.

ಅವತ್ತು ಬಂದವಳೊಬ್ಬಳು ತನ್ನ ಫೋನಿನಲ್ಲಿ ವಿಡಿಯೋ ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ತಿರುವಿ ನೀರು ಹಾಕಿ ಎಂದಳು. ಆ ತಣ್ಣನೆಯ ಹಜಾರದಲ್ಲಿ ಎರಡನೆಯ ಸಲ ನೀರು ಬಿಟ್ಟಾಗ ತಾರಾಳ ತುಟಿ ನಡುಗುತ್ತಿತ್ತು. ಎಲ್ಲರೂ "ಸೋ ಕ್ಯೂಟ್" ಎಂದರು. ಎರಡು ದಿನ ಕೂಸಿಗೆ ಜ್ವರ. ಮುಂದಿನ ರಜೆಗೆ ಮತ್ತೆ ತೊಟ್ಟಿ, ಮತ್ತೆ ಕೊಡ. ಈ ಸಲ ವಿನಯನ ಆಫೀಸಿನ ಗಂಡಸರೂ ಹೆಂಡಂದಿರ ಹಿಂದೆ ನಿಂತಿದ್ದರು. ಕೈಯಲ್ಲಿ ತಟ್ಟೆ, ಬಾಯಲ್ಲಿ ಸಮೋಸಾ, ಕಣ್ಣು ಬತ್ತಲೆ ಕೂಸಿನ ಮೇಲೆ.

ಎಲ್ಲರೂ ಹೋದ ಮೇಲೆ ವಿನಯನನ್ನು ಕೇಳಿಯೇಬಿಟ್ಟೆ. "ಸಾಹೇಬ್ರ, ನೀವು ಬೀದರದಾಗ ಹುಟ್ಟಿ ಬೆಳದವರು. ನಮ್ಮ ಕಡಿ ಮಂದಿ ಮುಂದ ಕೂಸಿಗಿ ನೀರು ಹಾಕ್ತಾರೇನ್ರಿ?"

ಅವನು ಫೋನಿನಿಂದ ಕಣ್ಣೆತ್ತಲಿಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಕಸ್ತೂರಬಾಯಿ. ಅವಳಿಗೆ ಖುಷಿ ಆಗುತ್ತೆ," ಎಂದ, ಹೆಂಡತಿಯ ಕನ್ನಡದಲ್ಲಿ. ರಿಯಾಗಿಂತ ಇವನ ಮೇಲೆ ನನಗೆ ಹೆಚ್ಚು ಅಸಹ್ಯವಾಯಿತು. ಅವಳಿಗೆ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು.

ಅದೇ ಕಟ್ಟಡದ ಕೆಳಮಹಡಿಯ ಮನೆಯೊಂದರಲ್ಲಿ ಮೆಹರುನ್ನಿಸಾ ಎಂಬಾಕೆ ನನ್ನ ಹಾಗೆಯೇ ಕೂಸು ನೋಡಿಕೊಂಡಿದ್ದಳು. ಬೀದರಿನ ಹಳೆ ಊರಿನವಳು. ಸಂಜೆ ಮಕ್ಕಳು ಆಡುವ ಜಾಗದಲ್ಲಿ ಇಬ್ಬರೂ ಸೇರುತ್ತಿದ್ದೆವು. ನನ್ನ ಸಿಡಿಮಿಡಿ ಕೇಳಿ ಅವಳು ನಗುತ್ತಿದ್ದಳು.

"ನೌಕರಿ ಕರೇ ತೋ ಐಸಾಚ್ ರೈತಾ, ಕಸ್ತೂರ್. ನೌಕರಿ ಅಂದ್ರ ಹಿಂಗೇ. ಮೂಗು ಮುಚ್ಚಕೊಂಡು ಎರಡು ವರ್ಷ ಕಳಿ, ಮನಿಗಿ ಹೋಗು."

ಆದರೆ ಒಂದು ಸಂಜೆ ಅವಳು ನಗಲಿಲ್ಲ. ಪಕ್ಕಕ್ಕೆ ಕರೆದು ತನ್ನ ಫೋನ್ ತೋರಿಸಿದಳು. ಬೀದರಿನಿಂದ ಅವಳ ನಾದಿನಿ ಕಳಿಸಿದ್ದಳಂತೆ, ಇದು ನಿಮ್ಮ ಕಡೆಯ ಹೆಂಗಸಲ್ಲವೇ ಎಂದು. ನಾನೇ. ಹಸಿರು ಸೀರೆ, ದೊಡ್ಡ ಕುಂಕುಮ, ಕಾಲ ಮೇಲೆ ತಾರಾ. ಕೆಳಗೆ ಜನ ಬರೆದದ್ದು ಸಾಲುಸಾಲಾಗಿತ್ತು. ಚೆನ್ನಾಗಿದೆ ಎಂದವರಿದ್ದರು, ಅಜ್ಜಿಯ ನೆನಪಾಯಿತು ಎಂದವರಿದ್ದರು. ನಡುವೆ ಗುರುತಿಲ್ಲದವನೊಬ್ಬ ಆ ಎಳೆಕೂಸಿನ ಬಗ್ಗೆ ಹೊಲಸು ಬರೆದಿದ್ದ. ಏನೆಂದು ಇಲ್ಲಿ ಬರೆಯಲಾರೆ. ಓದಿದವಳೇ ಪಕ್ಕದ ಗಿಡಕ್ಕೆ ಬಗ್ಗಿ ವಾಂತಿ ಮಾಡಿದೆ. ಮೆಹರುನ್ನಿಸಾ ನನ್ನ ಬೆನ್ನು ನೀವುತ್ತಾ, "ತೌಬಾ, ತೌಬಾ" ಎನ್ನುತ್ತಿದ್ದಳು.

ಮೇಲೆ ಹೋಗಿ ರಿಯಾಗೆ ಅವಳ ಫೋನಿನಲ್ಲೇ ಅದನ್ನು ತೋರಿಸಿದೆ. ಅವಳ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಬೆರಳಾಡಿಸಿ ಏನೋ ಒತ್ತಿದಳು. "ಇಂಥ ಜನ ಎಲ್ಲಾ ಕಡೆ ಇರ್ತಾರೆ ಕಸ್ತೂರಿ. ಬ್ಲಾಕ್ ಮಾಡಿದೀನಿ. ಆಯ್ತಲ್ಲ?"

"ಅದನ್ನ ತಗದುಬಿಡ್ರಿ ಮೇಡಂ. ಇನ್ನ ಮುಂದ ಬಾಗಲ ಹಾಕೇ ನೀರು ಹಾಕ್ತೇನಿ."

"ನನ್ನ ಮಗು ಅದು. ಏನು ಹಾಕಬೇಕು, ಬಿಡಬೇಕು ಅಂತ ನಿನ್ನಿಂದ ಕಲೀಬೇಕಾ? ಬರೋ ತಿಂಗಳು ಬರ್ತ್‌ಡೇ ಇದೆ. ಅವತ್ತು ಎಲ್ಲರ ಮುಂದೆ ಹಾಕ್ತೀಯ. ಇಲ್ಲ ಅಂದ್ರೆ ಊರಿಗೆ ಹೋಗ್ತೀಯ."

ಊರು ಎಂದರೆ ನನಗೆ ಜೋಳದ ಚೀಲಗಳ ಹಿಂದಿನ ಮೂಲೆ. ಅವಳಿಗೆ ಅದು ಗೊತ್ತಿತ್ತು, ನಾನೇ ಒಮ್ಮೆ ಹೇಳಿದ್ದೆ. ಆ ಒಂದು ತಿಂಗಳು ಯೋಚಿಸಿದೆ. ರಿಯಾ ಹೇಳುವುದೂ ಸರಿ, ಕೂಸು ಅವಳದು, ನನ್ನದಲ್ಲ. ನಾನು ಯಾರು? ಆದರೆ ಪ್ರತಿದಿನ ಬೆಳಿಗ್ಗೆ ನನ್ನ ಕಾಲ ಮೇಲೆ ಮಲಗಿ ತಾರಾ ನಗುತ್ತಿದ್ದಳು. ನಾನಿದ್ದೇನೆ, ಏನೂ ಆಗುವುದಿಲ್ಲ ಎಂಬ ನಗು ಅದು.

ಹುಟ್ಟುಹಬ್ಬಕ್ಕೆ ಮನೆ ತುಂಬ ಜನ. ಬಲೂನು, ಕೇಕು, ಕಿವಿ ಹರಿಯುವ ಹಾಡು. ಹಜಾರದ ನಡುವೆ ತೊಟ್ಟಿ, ಸುತ್ತ ಮೂರು ಸಾಲು ಕುರ್ಚಿ. ಎತ್ತರದ ಕೋಲಿಗೆ ಸಿಕ್ಕಿಸಿದ ದೀಪ ತೊಟ್ಟಿಯ ಮೇಲೆ ಬೀಳುತ್ತಿತ್ತು. ನನಗೆ ಸೀರೆ ಉಡಿಸಿ ಆಗಿತ್ತು, ಬಳೆ ತೊಡಿಸಿ ಆಗಿತ್ತು. ರಿಯಾ ಎಲ್ಲರಿಗೂ ಹೇಳುತ್ತಿದ್ದಳು, "ಇವರು ಕಸ್ತೂರಿ ಅವರು, ನಮ್ಮನೆಯವರ ಥರಾನೇ." ಕೂಸಿನ ಗೌನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ತಾರಾ ಅಷ್ಟು ಮುಖಗಳನ್ನು ನೋಡಿ ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು. ಸುತ್ತಲೂ ಫೋನುಗಳು ಮೇಲೆದ್ದವು.

ನಾನು ಕೂರಲಿಲ್ಲ. ಸೆರಗಿನಲ್ಲಿ ಕೂಸನ್ನು ಸುತ್ತಿ ಒಂದು ಕಂಕುಳಲ್ಲಿ ಎತ್ತಿಕೊಂಡೆ, ಇನ್ನೊಂದು ಕೈಯಲ್ಲಿ ಬಿಸಿನೀರಿನ ತಾಮ್ರದ ಕೊಡ. ಜನ ದಾರಿ ಬಿಟ್ಟರು, ಇದೂ ಆಟದ ಭಾಗವೆಂದು ತಿಳಿದಿರಬೇಕು. ಅಡುಗೆಮನೆ ದಾಟಿ ನನ್ನ ಖೋಲಿಗೆ ಹೋಗಿ, ಬಾಗಿಲು ದೂಡಿ, ನೆಲದ ಮೇಲೆ ಕೂತೆ. ಬೆನ್ನು ಬಾಗಿಲಿಗೆ, ಪಾದ ಮಷಿನ್‌ಗೆ. ಕಾಲ ಮೇಲೆ ತಾರಾ.

ಮೊದಲು ಮೆಲ್ಲಗೆ ತಟ್ಟಿದರು. ಆಮೇಲೆ ಗುದ್ದಿದರು. ಬಾಗಿಲು ನನ್ನ ಬೆನ್ನಿಗೆ ಧಡ್ ಧಡ್ ಎಂದು ಬಡಿಯುತ್ತಿತ್ತು. "ಕಸ್ತೂರಿ, ತೆಗಿ! ಹುಚ್ಚು ಹಿಡಿದಿದ್ಯಾ?" ಎಂದು ರಿಯಾ ಕಿರುಚುತ್ತಿದ್ದಳು. ಯಾರೋ ನಗುತ್ತಿದ್ದರು, ಯಾರೋ ಹಾಡು ನಿಲ್ಲಿಸಿದರು. ಕೊಡದ ನೀರಿಗೆ ನಲ್ಲಿಯ ನೀರು ಬೆರೆಸಿ ಹದ ನೋಡಿದೆ. ಬೆನ್ನಿಗೆ ಹಾಕಿದೆ, ತಿರುವಿದೆ, ಹಣೆಗೆ ಅಂಗೈ ಅಡ್ಡ ಹಿಡಿದು ತಲೆಗೆ ಹಾಕಿದೆ. ವರ್ಷ ತುಂಬಿದ ಕೂಸು, ಅವಳ ತಲೆ ಈಗ ನನ್ನ ಪಾದದ ತುದಿಗೆ ಬರುತ್ತಿತ್ತು. ಹೊರಗೆ ಅಷ್ಟು ಗಲಾಟೆಯಾದರೂ ಅವಳು ನೀರಿಗೆ ಕೈ ಬಡಿದು ಕೇಕೆ ಹಾಕುತ್ತಿದ್ದಳು. ಒರೆಸಿ, ನನ್ನ ಹಳೆಯ ಸೀರೆಯಲ್ಲಿ ಸುತ್ತಿ, ಅವಳು ನಿದ್ದೆ ಹೋದ ಮೇಲೆಯೇ ನಾನು ಎದ್ದು ಬಾಗಿಲು ಬಿಟ್ಟೆ. ಬಳೆ ತೆಗೆದು ಮಷಿನ್ ಮೇಲೆ ಇಟ್ಟೆ. ಕುಂಕುಮ ನೀರಲ್ಲಿ ಆಗಲೇ ತೊಳೆದುಹೋಗಿತ್ತು.

ರಿಯಾ ಕೂಸನ್ನು ಕಸಿದುಕೊಂಡಳು. ವಿನಯ ಕಣ್ಣು ತಪ್ಪಿಸಿ ಹೇಳಿದ, "ಹಿಂಗ ಮಾಡಬಾರದಿತ್ತರಿ ಕಸ್ತೂರಬಾಯಿ, ನೀವು." ಅಷ್ಟು ತಿಂಗಳಲ್ಲಿ ಅವನು ನನ್ನೊಂದಿಗೆ ಆಡಿದ ಮೊದಲ ನಮ್ಮೂರಿನ ಮಾತು ಅದು. ಅದಕ್ಕೂ ನನಗೆ ಹೇಸಿಗೆಯೇ ಆಯಿತು.

ಎರಡು ದಿನದಲ್ಲಿ ಪಾಸ್‌ಪೋರ್ಟು, ಟಿಕೇಟು ಕೈಗೆ ಬಂದವು. ಹೊರಡುವಾಗ ತಾರಾಳನ್ನು ನನಗೆ ತೋರಿಸಲಿಲ್ಲ. ಒಳಗಿನ ಕೋಣೆಯಿಂದ ಅವಳ ಅಳು ಕೇಳುತ್ತಿತ್ತು. ಚಪ್ಪಲಿ ಮೆಟ್ಟುತ್ತಾ ನಾನೂ ಅತ್ತೆ. ಕೆಳಗೆ ಮೆಹರುನ್ನಿಸಾ ನಿಂತಿದ್ದಳು, ಕೈಯಲ್ಲಿ ಖರ್ಜೂರದ ಪೊಟ್ಟಣ. "ಮೂಗು ಮುಚ್ಚಕೋ ಅಂದಿದ್ದೆ," ಎಂದಳು. "ನೀ ಬಾಗಲ ಮುಚ್ಚಿದಿ. ಅಚ್ಛಾ ಕರೀ ತೂ, ಛಲೋ ಮಾಡಿದಿ." ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಬೀದರಿಗೆ ಬಂದ ಮೇಲೆ ಶಾರದಾಬಾಯಿಯ ಮನೆಗೆ ಹೋದೆ. ಹೊಸ್ತಿಲು ದಾಟಲು ಬಿಡಲಿಲ್ಲ. "ನೂರು ಮಂದಿ ಮುಂದ ನನ್ನ ಸೊಸಿ ಮಾನ ಕಳದಿ," ಎಂದರು.

"ಕೂಸಿಗೂ ಮಾನ ಇರ್ತದರಿ ಅಮ್ಮಾರ," ಎಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಅಣ್ಣನ ಮನೆಗೆ ನಾನು ಮರಳಲಿಲ್ಲ. ಭಾಲ್ಕಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ತಗಡಿನ ಮಾಡು, ಮಳೆ ಬಂದರೆ ಸೋರುತ್ತದೆ, ಪಕ್ಕದಲ್ಲಿ ಮೋರಿ ನಾರುತ್ತದೆ. ಆದರೂ ಬಾಗಿಲಿಗೆ ಒಳ್ಳೆಯ ಕಬ್ಬಿಣದ ಚಿಲಕ ಇದೆ. ಇವತ್ತಿಗೂ ಒಳಗೆ ಹೋಗಿ ಅದನ್ನು ಹಾಕಿಕೊಂಡು, ಗಟ್ಟಿಯಾಗಿದೆಯೋ ಎಂದು ಒಮ್ಮೆ ಎಳೆದು ನೋಡುತ್ತೇನೆ.

ಹಿತ್ತಲಿನಿಂದ ಒಳಗೆ ಬಂದು, ಕೂಸಿಗೆ ಎಣ್ಣೆ ತೀಡುತ್ತಾ ಇದನ್ನೆಲ್ಲ ರೇಖಾಳಿಗೆ ಹೇಳಿದೆ. ಇಷ್ಟು ವಿವರವಾಗಿ ಯಾರಿಗೂ ಹೇಳಿರಲಿಲ್ಲ. ನೀರು ತೋಡಿ ತಂದು, ಬಚ್ಚಲಲ್ಲಿ ಮಣೆಯಿಟ್ಟು ಕೂತು ಕಾಲು ಚಾಚಿದೆ. ರೇಖಾ ಕೂಸನ್ನು ತಂದು ಕಾಲ ಮೇಲೆ ಮಲಗಿಸಿದಳು. ಅಷ್ಟರಲ್ಲಿ ಕೂಸನ್ನು ನೋಡಲೆಂದು ಔರಾದಿನಿಂದ ಬಂದಿದ್ದ ರೇಖಾಳ ಗಂಡ ಬಚ್ಚಲಿನ ಮುಂದೆ ಬಂದು ನಿಂತ. ಒಳ್ಳೆಯ ಹುಡುಗ, ಮಗಳು ಹುಟ್ಟಿದ ಸಂಭ್ರಮ ಮುಖದ ತುಂಬ ಇತ್ತು. ಕೈಯಲ್ಲಿ ಫೋನ್.

"ಮೌಶಿ, ಒಂದು ವಿಡಿಯೋ ಹೊಡಕೋತೇನಿ. ಸ್ಟೇಟಸ್ ಇಡ್ತೇನ್ರಿ."

ಬೈಯಲು ಬಾಯಿ ತೆರೆದೆ. ಬೈಯುವ ಕೆಲಸ ಬೀಳಲಿಲ್ಲ.

"ಹೊರಗ ನಡೀರಿ," ಎಂದಳು ರೇಖಾ.

"ಅಲ್ಲ ರೇಖಾ, ನಮ್ಮ ಕೂಸೇ ಅದಲ್ಲ..."

"ಅದಕ್ಕೇ ಹೇಳಾಕತ್ತೇನಿ. ನಡೀರಿ."

ಅವನು ಪೆಚ್ಚಾಗಿ ಹೋದ. ರೇಖಾ ಬಾಗಿಲು ಮುಂದೆ ಎಳೆದಳು. ಹಳೆಯ ಹಲಗೆಯ ಬಾಗಿಲು, ಎಳೆದರೂ ಮತ್ತೆ ತಾನೇ ತೆರೆದುಕೊಂಡಿತು.

"ಇದರ ಕೊಂಡಿ ಕಿತ್ತು ಹೋಗ್ಯಾದ್ರಿ ಮೌಶಿ," ಎಂದಳು. ಸುತ್ತ ನೋಡಿದಳು. ಹಸಿ ಬಾಣಂತಿ, ಬಗ್ಗುವುದೂ ಕಷ್ಟ. ಆದರೂ ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕಾಲು ಎದುರಿನ ಗೋಡೆಗೆ ಒತ್ತಿದಳು.

"ಹಾಕ್ರಿ ನೀರು," ಎಂದಳು.